ಅದರಗುಂಚಿಯ ರಾಜಮ್ಮ, ಪ್ರಭಾತದ ಮೈನಾ

ಅದರಗುಂಚಿ ಅಂದರೆ ಹುಬ್ಬಳ್ಳಿ-ಧಾರವಾಡದ ಮಂದಿಗೆ ಮೊದಲು ನೆನಪಾಗುವವರು ಶಂಕರಗೌಡರು. ಕನ್ನಡ ನಾಡು ಒಂದಾಗಲೇಬೇಕೆಂದು 1953ರಲ್ಲಿ ಅವರು ತಮ್ಮೂರಲ್ಲೇ ಅನ್ನ ಬಿಟ್ಟು ಕುಳಿತರು. ಆ ಉಪವಾಸದ ಕಾವು ಪಕ್ಕದ ಹುಬ್ಬಳ್ಳಿಗೂ ಹಬ್ಬಿ, ಏಪ್ರಿಲ್ 19ರಂದು ಅಲ್ಲಿ ಸೇರಿದ್ದ ಕಾಂಗ್ರೆಸ್ ಸಭೆ ಗಲಭೆಯಲ್ಲಿ ಮುಗಿಯಿತು. ಏಕೀಕರಣದ ಚರಿತ್ರೆ ಬರೆಯುವ ಯಾರೂ ಈ ಊರನ್ನು ದಾಟಿ ಹೋಗುವಂತಿಲ್ಲ. ಸಿನಿಮಾ ಚರಿತ್ರೆ ಬರೆಯುವವರೂ ದಾಟಿ ಹೋಗಬಾರದಿತ್ತು. ಅದೇ ಊರಲ್ಲಿ 1914ರ ಏಪ್ರಿಲ್ 14ರಂದು ರಾಜಮ್ಮ ಎಂಬ ಹುಡುಗಿ ಹುಟ್ಟಿದಳು. ಇಪ್ಪತ್ತೈದು ತುಂಬುವ ಹೊತ್ತಿಗೆ ಆಕೆ ಪುಣೆಯ ಪ್ರಭಾತ್ ಫಿಲಂ ಕಂಪನಿಯ ನಾಯಕಿ, ವಿ. ಶಾಂತಾರಾಮರ ‘ಮಾಣೂಸ್’ ಚಿತ್ರದ ಮೈನಾ. ಪರದೆಯ ಮೇಲೆ ಬಂದ ಹೆಸರು ಶಾಂತಾ ಹುಬ್ಳೀಕರ.

ಊರಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತುಕೊಂಡು ಹೋದ ಈ ನಟಿಯ ಬಗ್ಗೆ ಹುಬ್ಬಳ್ಳಿಯಲ್ಲಿ ಮಾತೆತ್ತಿದರೆ, ‘ಆಕಿ ಮರಾಠಿಯಾಕಿ ಅಲ್ಲೇನ್ರೀ?’ ಎಂಬ ಮರುಪ್ರಶ್ನೆ ಬರುವುದುಂಟು. ಅದರಲ್ಲಿ ಕೇಳಿದವರ ತಪ್ಪೇನಿಲ್ಲ. ಕನ್ನಡ ಚಿತ್ರರಂಗದ ಕತೆಯನ್ನು ನಾವು ಬೆಂಗಳೂರು, ಮೈಸೂರು, ಮದರಾಸುಗಳಿಂದಲೇ ಶುರು ಮಾಡುತ್ತೇವೆ. ಆ ದಾರಿಯಲ್ಲಿ ಹುಬ್ಬಳ್ಳಿ ಸ್ಟೇಷನ್ನು ಬರುವುದೇ ಇಲ್ಲ.

ಆಕೆ ಬಾಲ್ಯದಲ್ಲಿ ಸುಖಪಟ್ಟದ್ದು ಕಡಿಮೆ. ಮೂರು ವರ್ಷದ ಕೂಸಾಗಿದ್ದಾಗಲೇ ತಂದೆ-ತಾಯಿ ಇಬ್ಬರೂ ಹೋದರು. ಅಕ್ಕನನ್ನೂ ಈಕೆಯನ್ನೂ ಬೆಳೆಸಿದವಳು ಅಜ್ಜಿ. ಕೈಯಲ್ಲಿದ್ದ ಆಸ್ತಿಯೆಂದರೆ ಕಂಠ. ಆ ಕಂಠಕ್ಕೆ ತಾಲೀಮು ಕೊಟ್ಟವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನ್. ಅಬ್ದುಲ್ ಕರೀಮ್ ಖಾನರು ಮಿರಜಿನಲ್ಲಿ ನೆಲೆಸಿದ್ದರೂ ಹುಬ್ಬಳ್ಳಿ, ಧಾರವಾಡ, ಕುಂದಗೋಳಗಳು ಅವರ ಓಡಾಟದ ಊರುಗಳೇ ಆಗಿದ್ದವು. ಕುಂದಗೋಳದ ರಾಮಭಾವು ಅವರಲ್ಲಿ ಕಲಿತು ಸವಾಯಿ ಗಂಧರ್ವರಾದರು. ಧಾರವಾಡದಲ್ಲಿ ಅಂಬಾಬಾಯಿ ಎಂಬ ಗಾಯಕಿಯ ಹಾಡು ಕೇಳಲು ಅವರ ಮನೆಗೇ ಖಾನ್‌ಸಾಹೇಬರು ಹೋಗಿ ಕೂರುತ್ತಿದ್ದರು. ಆ ಅಂಬಾಬಾಯಿಯ ಮಗಳೇ ಗಂಗೂಬಾಯಿ ಹಾನಗಲ್.

ಗಂಗೂಬಾಯಿ ಮತ್ತು ಶಾಂತಾಬಾಯಿಯರನ್ನು ಪಕ್ಕಪಕ್ಕ ಇಟ್ಟು ನೋಡಬೇಕು ಅನ್ನಿಸುತ್ತದೆ. ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್‌ನಲ್ಲಿ, ರಾಜಮ್ಮ ಮರುವರ್ಷ. ಗಂಗೂಬಾಯಿಗೂ ಮೊದಲಿದ್ದ ಹೆಸರು ಬೇರೆ, ಗಾಂಧಾರಿ. ಮೊದಮೊದಲ ಗ್ರಾಮಫೋನ್ ತಟ್ಟೆಗಳು ಬಂದದ್ದೂ ಆ ಹೆಸರಿನಲ್ಲೇ. ಇಬ್ಬರೂ ಒಂದೇ ಸೀಮೆಯವರು, ಒಂದೇ ಘರಾಣೆಯ ನೆರಳಲ್ಲಿ ಬೆಳೆದವರು. ಹೆಣ್ಣುಮಗಳು ಮಂದಿಯ ಮುಂದೆ ಹಾಡಿದರೆ ಊರು ಏನನ್ನುತ್ತದೆ ಎಂಬುದೂ ಇಬ್ಬರಿಗೂ ಗೊತ್ತಿತ್ತು. ಒಬ್ಬರು ಹುಬ್ಬಳ್ಳಿಯಲ್ಲೇ ಉಳಿದರು. ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಲಿತು, ಗಾನಲೋಕದ ದೊಡ್ಡ ಹೆಸರಾದರು. ಇನ್ನೊಬ್ಬರು ರೈಲು ಹತ್ತಿ ದೂರ ಹೋದರು.

ಹೋಗುವುದಕ್ಕೆ ಕಾರಣವೂ ಇತ್ತು. ಮನೆಯವರು ಆಕೆಗೆ ಗೊತ್ತು ಮಾಡಿದ್ದ ಗಂಡು ವಯಸ್ಸಿನಲ್ಲಿ ಬಹಳ ದೊಡ್ಡವನು. ಆ ಮದುವೆ ಒಲ್ಲದ ಹುಡುಗಿ ಹದಿನೆಂಟರ ಸುಮಾರಿಗೆ ಮನೆ ಬಿಟ್ಟು ಗದಗಿನ ನಾಟಕ ಕಂಪನಿ ಸೇರಿದಳು. ರಾಜಮ್ಮ ಶಾಂತಾ ಆದದ್ದು ಆ ಹೊತ್ತಿಗೆ. ಆ ಕಾಲದ ಕಂಪನಿಗಳೆಂದರೆ ನಟನೆಯ ಶಾಲೆಯೂ ಹೌದು, ಸಂಗೀತದ ಶಾಲೆಯೂ ಹೌದು. ಸೈಕಲ್ ತುಳಿಯುವುದರಿಂದ ಹಿಡಿದು ಸೀನು ಎಳೆಯುವವರೆಗೆ ಎಲ್ಲವನ್ನೂ ಕಣ್ಣಿನಿಂದಲೇ ಕಲಿಯುವ ಜಾಗ. ಮೈಕಿಲ್ಲದ ರಂಗದ ಮೇಲೆ ಕೊನೆಯ ಸಾಲಿನವನಿಗೂ ಮಾತು ಮುಟ್ಟಿಸಬೇಕು, ಒನ್ಸ್ ಮೋರ್ ಅಂದರೆ ಅದೇ ಹಾಡನ್ನು ಅದೇ ಹುರುಪಿನಿಂದ ಮತ್ತೆ ಹಾಡಬೇಕು. ಇಂಥ ತಯಾರಿಯಿಂದ ಬಂದ ನಟಿಗೆ ಮುಂದೆ ಕ್ಯಾಮೆರಾದ ಎದುರು ಧ್ವನಿ ತಗ್ಗಿಸುವುದನ್ನು ಕಲಿಯುವುದೇ ಕಷ್ಟದ ಪಾಠ. ಶಾಂತಾಬಾಯಿ ಆ ಪಾಠವನ್ನು ಎಷ್ಟು ಚೆನ್ನಾಗಿ ಕಲಿತರು ಎಂಬುದನ್ನು ಮುಂದೆ ಹೇಳುತ್ತೇನೆ.

ಗದಗಿನಿಂದ ಬೆಂಗಳೂರಿಗೆ ಹೋಗಬಹುದಿತ್ತಲ್ಲ, ಕೊಲ್ಲಾಪುರ-ಪುಣೆಗೇ ಏಕೆ ಹೋದರು ಎಂದು ಇಂದಿನ ಓದುಗ ಕೇಳಬಹುದು. ಅಂದಿನ ಧಾರವಾಡ ಜಿಲ್ಲೆ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಬೆಂಗಳೂರು ಬೇರೆ ಸಂಸ್ಥಾನದ ಊರು, ಪುಣೆ ನಮ್ಮದೇ ಪ್ರಾಂತದ್ದು. ಹುಬ್ಬಳ್ಳಿಯಿಂದ ಲೋಂಡಾ, ಬೆಳಗಾವಿ, ಮಿರಜ್ ಮೇಲೆ ಪುಣೆಗೆ ಹೋಗುವ ಮೀಟರ್‌ಗೇಜ್ ಹಳಿ ಹತ್ತೊಂಬತ್ತನೇ ಶತಮಾನದಲ್ಲೇ ಬಿದ್ದಿತ್ತು. ಆ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯೇ ಧಾರವಾಡದಲ್ಲಿತ್ತು. ಇಂದು ಕರ್ನಾಟಕ ಕಾಲೇಜು ನಡೆಯುತ್ತಿರುವ ಕಟ್ಟಡ ಅದು. ಅಲ್ಲಿ ಪಾಠ ಕೇಳಿದ ಎಷ್ಟು ಮಂದಿಗೆ ಇದು ಗೊತ್ತಿದೆಯೋ. ಮಿರಜಿನಲ್ಲಿ ಗಾಡಿ ಬದಲಿಸಿದರೆ ಕೊಲ್ಲಾಪುರ. ಬಾಬೂರಾವ್ ಪೇಂಟರ್ ಮೂಕಿಚಿತ್ರಗಳ ಕಾಲದಲ್ಲೇ ಆ ಊರನ್ನು ಸಿನಿಮಾ ಊರಾಗಿಸಿದ್ದರು.

ಇನ್ನೂ ಒಂದು ಮಾತಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡಿತು ಎಂಬುದು ಎಲ್ಲರಿಗೂ ಗೊತ್ತು. ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಎಲ್ಲರೂ ಗಂಟುಮೂಟೆ ಕಟ್ಟಿಕೊಂಡು ಅದರ ಚಿತ್ರೀಕರಣಕ್ಕೆ ಹೋದದ್ದು ಕೊಲ್ಲಾಪುರಕ್ಕೆ, ಛತ್ರಪತಿ ಸ್ಟುಡಿಯೋಗೆ. ಕನ್ನಡ ಸಿನಿಮಾ ಮೊದಲ ಮಾತಾಡಿದ್ದೇ ಕೊಲ್ಲಾಪುರದಲ್ಲಿ! ಅದೇ 1934ರಲ್ಲಿ ‘ಠಕಸೇನ ರಾಜಪುತ್ರ’ (ಹಿಂದಿಯಲ್ಲಿ ‘ಭೇದಿ ರಾಜಕುಮಾರ’) ತಯಾರಾಗುತ್ತಿತ್ತು. ಅದರ ಸಣ್ಣದೊಂದು ಪಾತ್ರದಲ್ಲಿ ಅದರಗುಂಚಿಯ ಹುಡುಗಿ ಮುಖ ತೋರಿಸಿದಳು. ಆಕೆ ದಾರಿ ತಪ್ಪಿ ಮರಾಠಿಗೆ ಹೋದವಳಲ್ಲ, ಆಗ ಇದ್ದದ್ದೇ ಆ ದಾರಿ. ಬಿಜಾಪುರ ಸೀಮೆಯ ಬೀಳಗಿಯ ಅಮೀರಬಾಯಿ ಹೋದದ್ದೂ ಮುಂಬಯಿಗೇ. ಆಕೆ ಕರ್ನಾಟಕಿ ಎಂದು ಹೆಸರಿಟ್ಟುಕೊಂಡರು, ಈಕೆ ಹುಬ್ಬಳ್ಳಿಯ ಹೆಸರನ್ನು.

ಮುಂದಿನ ಮೂರು-ನಾಲ್ಕು ವರ್ಷ ‘ಕಾಲಿಯಾ ಮರ್ದನ’ (1935), ‘ಕಾನ್ಹೋಪಾತ್ರಾ’ (1937) ಎಂದು ಪುರಾಣ, ಸಂತಕತೆಗಳ ನಡುವೆ ಕಳೆದವು. ಭಾಗ್ಯ ತೆರೆದದ್ದು ಪ್ರಭಾತ್ ಸೇರಿದ ಮೇಲೆ. 1929ರಲ್ಲಿ ಕೊಲ್ಲಾಪುರದಲ್ಲಿ ಹುಟ್ಟಿ 1933ರಲ್ಲಿ ಪುಣೆಗೆ ಬಂದ ಪ್ರಭಾತ್ ಕಂಪನಿಯದು ಆಗ ಏರುಗಾಲ. ಎಲ್ಲರೂ ತಿಂಗಳ ಪಗಾರದವರು, ನಾಯಕಿಯೂ ಅಷ್ಟೇ, ಬಡಗಿಯೂ ಅಷ್ಟೇ. ಕರಾರಿನ ಬಿಗಿ ಎಷ್ಟಿತ್ತೆಂದರೆ, ಅಲ್ಲಿನ ಇನ್ನೊಬ್ಬ ಶಾಂತಾ, ‘ಕುಂಕೂ’ ಚಿತ್ರದ ಶಾಂತಾ ಆಪ್ಟೆ, 1939ರಲ್ಲಿ ಕಂಪನಿಯ ಗೇಟಿನ ಮುಂದೆಯೇ ಉಪವಾಸ ಕುಳಿತುಬಿಟ್ಟರು. ನಮ್ಮ ಶಾಂತಾಬಾಯಿ ಅಂಥ ಗದ್ದಲದವರಲ್ಲ. 1938ರಲ್ಲಿ ಕೆ. ನಾರಾಯಣ ಕಾಳೆ ನಿರ್ದೇಶನದ ‘ಮಾಝಾ ಮುಲ್ಗಾ’ದಲ್ಲಿ ಶಾಹು ಮೋಡಕ್ ಜೊತೆ ನಾಯಕಿಯಾದರು. ಆ ಜೋಡಿಯೇ ಮರುವರ್ಷ ‘ಮಾಣೂಸ್’ಗೆ ಬಂತು.

‘ಮಾಣೂಸ್’ನ ಬಗ್ಗೆ ತುಸು ನಿಧಾನವಾಗಿ ಮಾತಾಡಬೇಕು. ಬರುವಾ ಅವರ ‘ದೇವದಾಸ್’ 1935ರಲ್ಲಿ ಬಂದಮೇಲೆ ದೇಶದ ಹುಡುಗರೆಲ್ಲ ಪ್ರೇಮಭಂಗವಾದರೆ ಕುಡಿದು ಸಾಯುವುದೇ ಸೊಗಸು ಎಂದುಕೊಂಡಿದ್ದ ಕಾಲ. ಶಾಂತಾರಾಮರಿಗೆ ಅದು ಸರಿ ಬರಲಿಲ್ಲ. ಪ್ರೀತಿ ಹೋದರೆ ಬದುಕು ಹೋಗಬೇಕಿಲ್ಲ ಎಂದು ಹೇಳಲು ಅವರು ಆರಿಸಿಕೊಂಡದ್ದು ಜಮೀನ್ದಾರನ ಮಗನನ್ನಲ್ಲ, ಬಡ ಪೊಲೀಸ್ ಪೇದೆ ಗಣಪತನನ್ನು. ದಾಳಿಯ ರಾತ್ರಿ ಸೂಳೆಗೇರಿಯಲ್ಲಿ ಸಿಕ್ಕ ಮೈನಾಳನ್ನು ಆತ ಕಾನೂನಿನ ಕೈಯಿಂದ ಬಿಡಿಸುತ್ತಾನೆ. ಪ್ರೀತಿ ಬೆಳೆಯುತ್ತದೆ. ಆಕೆಯನ್ನು ಆ ಬದುಕಿನಿಂದ ಹೊರಗೆ ತರಬೇಕೆಂದು ಆತನ ಹಟ. ಮನೆಯಲ್ಲಿ ದೇವರು-ದಿಂಡರು ಎನ್ನುವ ತಾಯಿ. ಮೈನಾ ಮರ್ಯಾದೆಯ ದುಡಿಮೆ ಹುಡುಕಿದರೆ ಊರು ಬಿಡುವುದಿಲ್ಲ, ಗಣಪತನ ಮನೆಗೆ ಸೊಸೆಯಾಗಿ ಹೋಗಲು ಆಕೆಯ ಮನಸ್ಸೇ ಬಿಡುವುದಿಲ್ಲ. ಕೊನೆಗೆ ಕಾಟ ಕೊಡುವ ಮಾವನನ್ನು ಕೊಂದು ಆಕೆ ಪೊಲೀಸರ ವಶವಾಗುತ್ತಾಳೆ. ಗಣಪತ ಬಿಡಿಸಲು ಬಂದರೆ ಒಲ್ಲೆ ಎನ್ನುತ್ತಾಳೆ. ಆತ ಸಾಯುವುದಿಲ್ಲ, ಮತ್ತೆ ಡ್ಯೂಟಿಗೆ ಹೋಗುತ್ತಾನೆ.

ಕತೆಯನ್ನು ಹೀಗೆ ಹೇಳಿದರೆ ಗಣಪತನದೇ ಚಿತ್ರ ಅನ್ನಿಸಬಹುದು. ‘ಮಾಣೂಸ್’ (ಮನುಷ್ಯ) ಎಂಬ ಹೆಸರೂ ಅವನದೇ ಕಡೆಗಿದೆ. ವಿಮರ್ಶಕರು ಹೆಚ್ಚಾಗಿ ಬರೆದದ್ದು ಶಾಂತಾರಾಮರ ನೆರಳು-ಬೆಳಕಿನ ಆಟ, ಸ್ಟುಡಿಯೋದಲ್ಲೇ ಕಟ್ಟಿದ ಆ ಓಣಿ, ಕ್ಯಾಮೆರಾದ ಚಲನೆಗಳ ಬಗ್ಗೆ. ನನಗೆ ಮಾತ್ರ ಅದು ಮೈನಾಳ ಚಿತ್ರ. ಬದಲಾಗುವ ಕೆಲಸ ಪೂರ್ತಿ ಆಕೆಯದು. ಗಣಪತ ಒಳ್ಳೆಯವನು, ಮೊದಲಿನಿಂದ ಕೊನೆಯವರೆಗೂ ಒಳ್ಳೆಯವನೇ. ಮೈನಾ ಹಾಗಲ್ಲ. ಯಾರ ಮೇಲೂ ಭರವಸೆ ಇಲ್ಲದ ಹೆಂಗಸು ಒಬ್ಬನ ಮೇಲೆ ಭರವಸೆ ಇಡಲು ಕಲಿಯಬೇಕು. ಕಲಿತ ಮೇಲೆ ಅವನನ್ನು ತನ್ನಿಂದಲೇ ಉಳಿಸಬೇಕು. ಇದನ್ನು ಬಾಯಿಮಾತಿನಲ್ಲಿ ಆಡಿ ತೋರಿಸಿದ್ದರೆ ಕಂಪನಿ ನಾಟಕದ ಗೋಳಾಗುತ್ತಿತ್ತು. ಶಾಂತಾಬಾಯಿ ಅದನ್ನು ಆಡುವುದು ಚೇಷ್ಟೆಯ ಮರೆಯಲ್ಲಿ. ಗಣಪತನ ಗಂಭೀರ ಮಾತಿಗೆ ಕೊಂಕು ನಗೆ, ಆ ನಗೆ ಅರ್ಧಕ್ಕೇ ನಿಂತು ಮುಖ ಪಕ್ಕಕ್ಕೆ ತಿರುಗುವುದು, ಅಷ್ಟೇ. ಗದಗಿನ ರಂಗದ ಮೇಲೆ ಕೊನೆಯ ಸಾಲಿಗೆ ಕೇಳುವಂತೆ ಹಾಡಿದ ಹುಡುಗಿ ಇಲ್ಲಿ ಮೂರು ಅಡಿ ದೂರದವನಿಗಷ್ಟೇ ಕೇಳುವಂತೆ ಮಾತಾಡುತ್ತಾಳೆ.

ಚಿತ್ರದ ನಡುವೆ ಒಂದು ತಮಾಷೆಯೂ ಇದೆ. ಬಾಂಬೆ ಟಾಕೀಸ್‌ನವರ ಚಿತ್ರಗಳಲ್ಲಿ ಮರದ ಕೆಳಗೆ ನಿಂತು ಹಾಡುವ ಮುದ್ದು ಪ್ರೇಮಿಗಳನ್ನು ಶಾಂತಾರಾಮರು ಇಲ್ಲಿ ಸಿಕ್ಕಾಪಟ್ಟೆ ಗೇಲಿ ಮಾಡಿದ್ದಾರೆ. ಪ್ರೇಮವೆಂದರೆ ಅದಲ್ಲ, ಇದು ಎಂದು ತೋರಿಸಿದ ಹಾಗೆ. ಚಹಾದಂಗಡಿಯ ಹುಡುಗನಾಗಿ ಇರುವವನನ್ನು ಗಮನಿಸಿ ನೋಡಿ: ಮುಂದೆ ಮರಾಠಿ ನಾಟ್ಯಸಂಗೀತದಲ್ಲೂ ಖ್ಯಾಲ್ ಗಾಯನದಲ್ಲೂ ಹೆಸರಾದ ರಾಮ್ ಮರಾಠೆ ಆತ. ಗಣಪತನ ಪಾತ್ರದ ಶಾಹು ಮೋಡಕ್ ಕ್ರೈಸ್ತ ಮನೆತನದವರು, ಆದರೆ ಪರದೆಯ ಮೇಲೆ ಶ್ರೀಕೃಷ್ಣನೆಂದರೆ ಅವರೇ ಎನ್ನುವಷ್ಟು ಬಾರಿ ಕೃಷ್ಣನಾದವರು.

ಇನ್ನು ಆ ಹಾಡು, ‘ಕಶಾಲಾ ಉದ್ಯಾಚೀ ಬಾತ್’. ನಾಳೆಯ ಮಾತೇಕೆ ಎಂದು ಕೇಳುವ, ಇವತ್ತಿನ ರಾತ್ರಿಯಷ್ಟೇ ನಿಜ ಎನ್ನುವ ದಂಧೆಯ ಹಾಡು ಅದು. ಸ್ವರ ಹಾಕಿದವರು ಮಾಸ್ಟರ್ ಕೃಷ್ಣರಾವ್. ಅವರ ಗುರು ಭಾಸ್ಕರಬುವಾ ಬಖಲೆಯವರು ಧಾರವಾಡದಲ್ಲಿ ಸಂಗೀತ ಕಲಿಸುತ್ತಿದ್ದವರು. ಎಲ್ಲಿಗೆ ಹೋದರೂ ನಮ್ಮೂರಿನ ಎಳೆ ಹೀಗೆ ಕಾಲಿಗೆ ತೊಡರುತ್ತದೆ. ಹಾಡಿನ ಕರಾಮತ್ತು ಇರುವುದು ಅದರ ಭಾಷೆಯಲ್ಲಿ. ಮೈನಾಳ ಬಾಗಿಲಿಗೆ ಬರುವ ಗಿರಾಕಿಗಳು ಎಲ್ಲ ಪ್ರಾಂತದವರು. ಹಾಗಾಗಿ ಹಾಡೂ ಮರಾಠಿಯಲ್ಲಿ ಶುರುವಾಗಿ ಒಂದೊಂದು ಚರಣಕ್ಕೆ ಒಂದೊಂದು ಭಾಷೆಗೆ ಹೊರಳುತ್ತದೆ. ಬರೀ ಶಬ್ದ ಬದಲಾದರೆ ಸಾಲದು. ಗುಜರಾತಿ ಸೇಠನಿಗೆ ಹಾಡುವ ಓರೆನೋಟ ಬಂಗಾಲಿ ಬಾಬುವಿಗೆ ಹಾಡುವಾಗ ಇರಬಾರದು, ತೆಂಕಣದವನಿಗೆ ಮತ್ತೆ ಬೇರೆ ವರಸೆ. ಶಾಂತಾಬಾಯಿ ಇದನ್ನೆಲ್ಲ ತಾವೇ ಹಾಡಿ ತಾವೇ ಆಡಿದ್ದಾರೆ. ಹಿನ್ನೆಲೆ ಗಾಯನ ಬಂದಿದ್ದರೂ ಪೂರ್ತಿ ನೆಲೆಯೂರದ ಕಾಲ ಅದು, ಕಂಠವೂ ಮುಖವೂ ಒಬ್ಬಳದೇ.

ಈ ಹಾಡಿಗೆ ಆಕೆಯನ್ನೇ ಏಕೆ ಆರಿಸಿದರು ಎಂದು ಯೋಚಿಸಿದಾಗ ನನಗೆ ಹೊಳೆಯುವುದು ಹುಬ್ಬಳ್ಳಿ. ಮನೆಯೊಳಗೆ ಕನ್ನಡ, ಪ್ಯಾಟೆಯಲ್ಲಿ ಮರಾಠಿ, ಉಸ್ತಾದರ ಎದುರು ಹಿಂದುಸ್ತಾನಿ, ರೈಲ್ವೆ ಕಾಲೊನಿಯಲ್ಲಿ ತಮಿಳು-ತೆಲುಗು: ದಿನ ಬೆಳಗಾದರೆ ನಾಲ್ಕು ಭಾಷೆ ಕಿವಿಗೆ ಬೀಳುವ ಊರು ಅದು. ಮನೆಮಾತು ಮರಾಠಿಯಾದ ಬೇಂದ್ರೆಯವರು ಕನ್ನಡದ ವರಕವಿಯಾದ ನೆಲದಲ್ಲಿ, ಕನ್ನಡದ ಹುಡುಗಿಯೊಬ್ಬಳು ಮರಾಠಿಗರ ನಾಲಿಗೆಯ ಮೇಲೆ ಹಾಡಾಗಿ ಕುಳಿತದ್ದು ಅಂಥ ಆಶ್ಚರ್ಯವೇನಲ್ಲ. ಶಾಂತಾರಾಮರು ಇದನ್ನು ಲೆಕ್ಕ ಹಾಕಿಯೇ ಆರಿಸಿದರೆಂದು ನಾನು ಹೇಳಲಾರೆ. ಆದರೆ ಒಂದೇ ಭಾಷೆಯಲ್ಲಿ ಬೆಳೆದ ಕಿವಿಗೆ ಆ ಹೊರಳಾಟ ಅಷ್ಟು ಸಲೀಸಾಗಿ ಬರುವುದಿಲ್ಲ.

ಚಿತ್ರದ ಹಿಂದಿ ರೂಪವೂ ಜೊತೆಯಲ್ಲೇ ತಯಾರಾಯಿತು, ‘ಆದ್ಮಿ’ ಎಂಬ ಹೆಸರಿನಲ್ಲಿ. ಡಬ್ಬಿಂಗ್ ಅಲ್ಲ. ಅದೇ ಸೆಟ್ಟು, ಅದೇ ಜೋಡಿ, ಎರಡೆರಡು ಭಾಷೆಯಲ್ಲಿ ನಟನೆ. ಮರಾಠಿಯ ಗಣಪತ ಹಿಂದಿಯಲ್ಲಿ ಮೋತಿ, ಮೈನಾ ಅಲ್ಲಿ ಕೇಸರ್. ಒಂದು ಮಾತನ್ನು ಒಂದು ಭಾಷೆಯಲ್ಲಿ ಅತ್ತು, ಅದೇ ಮಾತನ್ನು ಇನ್ನೊಂದು ಭಾಷೆಯಲ್ಲಿ ಮತ್ತೆ ಅಳಬೇಕಾದ ಕಷ್ಟ ಇಂದಿನ ನಟಿಯರಿಗೆ ಗೊತ್ತಾಗಲಿಕ್ಕಿಲ್ಲ.

ಕೀರ್ತಿಯ ಆ ವರ್ಷವೇ, 1939ರಲ್ಲಿ, ಶಾಂತಾಬಾಯಿ ಬಾಪುಸಾಹೇಬ ಗೀತೆ ಅವರನ್ನು ಮದುವೆಯಾದರು. ಮೂರು ವರ್ಷದ ಮೇಲೆ ಶಾಂತಾರಾಮರು ಪ್ರಭಾತ್ ಬಿಟ್ಟು ಮುಂಬಯಿಯಲ್ಲಿ ರಾಜಕಮಲ್ ಕಲಾಮಂದಿರ ಕಟ್ಟಿದರು. ಮೈನಾಳಂಥ ಪಾತ್ರವನ್ನು ಶಾಂತಾಬಾಯಿಗೆ ಮತ್ತೆ ಯಾರೂ ಬರೆಯಲಿಲ್ಲ.

ಕನ್ನಡ ಮಾತ್ರ ಒಮ್ಮೆ ಕರೆಯಿತು. 1942ರಲ್ಲಿ ಗುಬ್ಬಿ ವೀರಣ್ಣನವರು ತೆಗೆದ ‘ಜೀವನ ನಾಟಕ’. ಕತೆಯಲ್ಲಿ ಅ.ನ.ಕೃ. ಕೈ, ನಿರ್ದೇಶನ ವಹಾಬ್ ಕಾಶ್ಮೀರಿ ಎಂಬವರದು. ನಾಯಕ ಕೆಂಪರಾಜ ಅರಸ್, ಮುಂದೆ ಮುಖ್ಯಮಂತ್ರಿಯಾದ ದೇವರಾಜ ಅರಸರ ತಮ್ಮ. ಅವರಿಗೆ ಅದು ಮೊದಲ ಚಿತ್ರ. ಎದುರಿಗೆ ನಿಂತ ನಾಯಕಿ ಮಾತ್ರ ಅಷ್ಟರಲ್ಲಿ ಹಿಂದೂಸ್ತಾನದ ತುಂಬ ಹೆಸರಾದವಳು. ರಾಮ, ಕೃಷ್ಣ, ಸತಿ-ಸಾವಿತ್ರಿಯರೇ ತುಂಬಿದ್ದ ಕನ್ನಡ ಪರದೆಯ ಮೇಲೆ ಸಾಮಾಜಿಕ ಕತೆ ತರಬೇಕೆಂಬ ಆಸೆಯಿಂದ ಮಾಡಿದ ಚಿತ್ರ ಅದು. ಹುಬ್ಬಳ್ಳಿಯ ಹೆಣ್ಣುಮಗಳು ತನ್ನ ಮಾತಿನಲ್ಲಿ ಸಿನಿಮಾ ಮಾಡಲು ಪುಣೆ-ಮುಂಬಯಿ ಸುತ್ತಿ, ಹಳೆ ಮೈಸೂರಿನ ಮಾಲೀಕನ ಬಳಿಗೆ ಬರಬೇಕಾಯಿತು. ಒಂದೇ ಭಾಷೆಯ ಜನ ಎಷ್ಟು ಆಡಳಿತಗಳಲ್ಲಿ ಹರಿದು ಹಂಚಿದ್ದರು ಎಂದು ಶಂಕರಗೌಡರಂಥವರು ಸಭೆಗಳಲ್ಲಿ ವಿವರಿಸುತ್ತಿದ್ದ ಸಂಗತಿಯನ್ನು ಈಕೆ ನಟನೆಯ ಕಸುಬಿನಲ್ಲೇ ಅನುಭವಿಸಿದರು.

ಒಂದು ಚಿತ್ರ ನಾಲ್ಕಾಗಬಹುದಿತ್ತು. ಆದರೆ ಎರಡನೇ ಮಹಾಯುದ್ಧ ನಡೆದಿತ್ತು, ಕಚ್ಚಾ ಫಿಲಂ ಹೊರದೇಶದಿಂದ ಬರಬೇಕಿತ್ತು. ಸರಕಾರ ಅದಕ್ಕೆ ಪರವಾನಗಿ ಹಾಕಿತು, ಕಥಾಚಿತ್ರ 11,000 ಅಡಿ ಮೀರಬಾರದೆಂದು ಕಟ್ಟುಮಾಡಿತು. ಮುಂಬಯಿ-ಪುಣೆಯ ದೊಡ್ಡ ಕಂಪನಿಗಳೇ ಉಸಿರು ಬಿಗಿಹಿಡಿದಿದ್ದಾಗ ಕನ್ನಡದಂಥ ಸಣ್ಣ ಮಾರುಕಟ್ಟೆಗೆ ಯಾರು ಫಿಲಂ ಕೊಡುತ್ತಾರೆ? ಶಾಂತಾಬಾಯಿ ‘ಮಾಲನ್’, ‘ಕುಲಕಲಂಕ್’ ಎಂದು ಹಿಂದಿ ಕಡೆ ಕೆಲ ದಿನ ಸಾಗಿದರು.

ಅಷ್ಟರಲ್ಲಿ ಕಸುಬಿನ ಸ್ವರೂಪವೇ ಬದಲಾಯಿತು. ಹಿನ್ನೆಲೆ ಗಾಯನ ಪಕ್ಕಾ ಆದಮೇಲೆ ಹಾಡುವವಳೇ ನಟಿಸಬೇಕಿಲ್ಲ, ನಟಿಸುವವಳಿಗೆ ಸ್ವರಜ್ಞಾನ ಬೇಕಿಲ್ಲ. ಗಾಯಕ-ನಟಿ ಎಂಬ ಪೀಳಿಗೆಯೇ ಹಾಗೆ ಮುಗಿಯಿತು. ಅವರ ಪೈಕಿ ಕೆಲವರು ಮನೆ ಸೇರಿದರು, ಕೆಲವರು ತಾಯಿ, ಅತ್ತೆಯ ಪಾತ್ರಗಳಿಗೆ ಸರಿದರು. ‘ಸೌಭಾಗ್ಯವತಿ ಭವ’ (1958) ಬರುವ ಹೊತ್ತಿಗೆ ಶಾಂತಾಬಾಯಿಯ ಸಿನಿಮಾ ಬದುಕು ಹೆಚ್ಚೂಕಡಿಮೆ ಮುಗಿದಿತ್ತು. ಅದಕ್ಕೆ ಎರಡು ವರ್ಷ ಮೊದಲು, 1956ರ ನವೆಂಬರ್ 1ಕ್ಕೆ, ಹುಬ್ಬಳ್ಳಿ ಮುಂಬಯಿ ರಾಜ್ಯದಿಂದ ಈಚೆ ಬಂದಿತ್ತು. ರಾಜ್ಯದ ಗಡಿ ಬದಲಾದ ಮೇಲೆ ನೆನಪಿನ ಗಡಿಯೂ ಬದಲಾಗುತ್ತದೆ. ಈಚೆಯವರಿಗೆ ಆಕೆ ಮರಾಠಿ ನಟಿ, ಆಚೆಯವರಿಗೆ ಹುಬ್ಬಳ್ಳಿಯಿಂದ ಬಂದಾಕೆ. ‘ಜೀವನ ನಾಟಕ’ವನ್ನು ಕನ್ನಡದ ಆರಂಭದ ಚಿತ್ರಗಳ ಪಟ್ಟಿಯಲ್ಲಿ ಬರೆಯುವವರು ಕೆಂಪರಾಜ ಅರಸರ ಪದಾರ್ಪಣೆ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ. ಮೈನಾಳಾಗಿ ಆಡಿ ಮೂರೇ ವರ್ಷಕ್ಕೆ ಆ ನಟಿ ಕನ್ನಡದಲ್ಲಿ ಆಡಿದಳು ಎಂಬುದನ್ನು ಆ ಸಾಲಿನ ಪಕ್ಕ ಬರೆಯಲು ಯಾರಿಗೂ ಪುರುಸೊತ್ತಾಗಲಿಲ್ಲ.

ಮೂವತ್ತು ವರ್ಷಕ್ಕೂ ಮಿಕ್ಕಿದ ಮೌನದ ಮೇಲೆ, 1990ರಲ್ಲಿ, ಎಪ್ಪತ್ತಾರರ ಶಾಂತಾಬಾಯಿ ಮರಾಠಿಯಲ್ಲಿ ತಮ್ಮ ಆತ್ಮಕಥೆ ಹೊರತಂದರು. ಅದಕ್ಕೆ ಇಟ್ಟ ಹೆಸರು ತಮ್ಮ ಹಾಡಿನದೇ, ‘ಕಶಾಲಾ ಉದ್ಯಾಚೀ ಬಾತ್’. ಮೈನಾ ಅದನ್ನು ಹಾಡಿದ್ದು ಗಿರಾಕಿಗಳನ್ನು ಮರುಳು ಮಾಡಲು. ಇಳಿವಯಸ್ಸಿನ ಹೆಂಗಸು ಅದನ್ನು ತನ್ನ ಬದುಕಿನ ಮೇಲೆ ಬರೆದಾಗ ಅದರಲ್ಲಿ ಕೊಂಕೂ ಇದೆ, ಕೆಚ್ಚೂ ಇದೆ.

ಎರಡು ವರ್ಷಕ್ಕೆ, 1992ರ ಜುಲೈ 17ರಂದು, ಆಕೆ ತೀರಿಕೊಂಡರು. ನಮ್ಮ ಕಡೆಯ ಸಂಗೀತಕ್ಕೆ ಕೆಟ್ಟ ವರ್ಷ ಅದು. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಜನವರಿಯಲ್ಲಿ ಹೋದರು, ಸೆಪ್ಟೆಂಬರಿನಲ್ಲಿ ಧಾರವಾಡದಲ್ಲೇ ಮಲ್ಲಿಕಾರ್ಜುನ ಮನ್ಸೂರರು. ಅವರಿಬ್ಬರನ್ನು ಇಲ್ಲಿ ನೆನೆಯದ ವರ್ಷವಿಲ್ಲ. ನಡುವೆ ಹೋದ ಅದರಗುಂಚಿಯ ಗಾಯಕಿಯನ್ನು ಆ ಸಾಲಿನಲ್ಲಿ ಸೇರಿಸಿದವರು ಕಡಿಮೆ.

ಪ್ರಭಾತ್ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಪುಣೆಯ ಫಿಲಂ ಇನ್‌ಸ್ಟಿಟ್ಯೂಟ್ ಇದೆ. ಅದೇ ರಸ್ತೆಯ ಕಡೆಗೆ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಇದೆ. ಗಿರೀಶ ಕಾರ್ನಾಡರು ನಿರ್ದೇಶಕರಾಗಿ ಆ ಇನ್‌ಸ್ಟಿಟ್ಯೂಟನ್ನು ನಡೆಸಿದರು, ಗಿರೀಶ ಕಾಸರವಳ್ಳಿಯವರು ಅಲ್ಲೇ ಕಲಿತು ಬಂದರು. ಹಾಗೆ ನೋಡಿದರೆ ಹುಬ್ಬಳ್ಳಿ ಮೇಲಿನ ಆ ರೈಲುದಾರಿ ಕನ್ನಡ ಸಿನಿಮಾಕ್ಕೆ ಮುಚ್ಚಿಯೇ ಇರಲಿಲ್ಲ. ಪ್ರಯಾಣಿಕರು ಬದಲಾದರು ಅಷ್ಟೇ, ಮೊದಲು ಹೋದವರ ಹೆಸರು ಕೇಳುವವರು ಇರಲಿಲ್ಲ.

‘ಮಾಣೂಸ್’ ಇಂದಿಗೂ ನೋಡಲು ಸಿಗುತ್ತದೆ. ನೋಡುವವರಿಗೆ ನನ್ನದೊಂದು ಶಿಫಾರಸು: ಹಿಂದಿಯ ‘ಆದ್ಮಿ’ ಬದಿಗಿರಲಿ, ಮರಾಠಿಯದನ್ನೇ ಹಾಕಿಕೊಳ್ಳಿ. ಭಾಷೆ ಪೂರಾ ತಿಳಿಯದಿದ್ದರೂ ಅಡ್ಡಿಯಿಲ್ಲ. ಕೇಸರ್ ಚೆನ್ನಾಗಿ ನಟಿಸುತ್ತಾಳೆ, ಆದರೆ ಅಲ್ಲಿ ಪಾಠ ಒಪ್ಪಿಸುವ ಎಚ್ಚರ ಒಂದಿಷ್ಟು ಕಾಣುತ್ತದೆ. ಮೈನಾಳಲ್ಲಿ ಅದಿಲ್ಲ. ಆಕೆ ಮರಾಠಿಯಲ್ಲಿ ಜಗಳಾಡುವುದನ್ನು ಕೇಳಿದರೆ ಹುಬ್ಬಳ್ಳಿ ಪ್ಯಾಟೆಯ ಹೆಣ್ಣುಮಗಳೊಬ್ಬಳು ಎದುರಿಗೆ ನಿಂತು ದರ ಇಳಿಸುತ್ತಿದ್ದಾಳೇನೋ ಅನ್ನಿಸುತ್ತದೆ.